ಹಳೇ ಕೇಬಲ್ಲಿಗೆ ಕಟ್ಟಿದ ದಾರ

ನಿಟ್ಟೂರಿನ ಸ್ಟೇಷನ್ ರಸ್ತೆಯಲ್ಲಿ ಮೂವತ್ತು ವರ್ಷ ಗಾಡಿ ರಿಪೇರಿ ಮಾಡಿದ ರುದ್ರಯ್ಯ ಮಾವ ಕೊನೆಯ ಹದಿನಾಲ್ಕು ವರ್ಷ ಯಾರ ಬೈಕಿನ ಎಕ್ಸಲೇಟರ್ ಕೇಬಲ್ಲನ್ನೂ ಕೈಯಿಂದ ಮುಟ್ಟಲಿಲ್ಲ. ಇಂಜಿನ್ ಬಿಚ್ಚುತ್ತಿದ್ದರು, ಕ್ಲಚ್ ಪ್ಲೇಟ್ ಬದಲಾಯಿಸುತ್ತಿದ್ದರು, ಲಾರಿಗೆ ಗುದ್ದಿ ನುಗ್ಗಾಗಿ ಬಂದ ಗಾಡಿಯನ್ನೂ ರಸ್ತೆಗೆ ಇಳಿಸುತ್ತಿದ್ದರು. ಆದರೆ ಬಲಗೈ ಹಿಡಿಯಿಂದ ಕಾರ್ಬರೇಟರಿನವರೆಗೆ ಹೋಗುವ ಆ ಒಂದು ತಂತಿ ಕಡಿದು ಯಾರಾದರೂ ಗಾಡಿ ತಳ್ಳಿಕೊಂಡು ಬಂದರೆ, ಹೊಸ ಕೇಬಲ್ಲನ್ನು ಅವರ ಕೈಗೇ ಕೊಟ್ಟು, ತಾವು ಮೂರಡಿ ದೂರದಲ್ಲಿ ಬೋರಲು ಹಾಕಿದ ಆಯಿಲ್ ಡಬ್ಬದ ಮೇಲೆ ಕೂತುಬಿಡುತ್ತಿದ್ದರು.

"ನೀನೇ ಹಾಕ್ಕೊ. ನಾನು ಹೇಳ್ತೀನಿ."

ಊರಿನವರು ಇದಕ್ಕೆ ತಮಗೆ ತೋಚಿದ ಕಾರಣ ಕೊಟ್ಟಿದ್ದರು. ದೇವರಿಗೆ ಹರಕೆ ಹೊತ್ತಿದ್ದಾರೆ ಎಂದರು ಕೆಲವರು. ವಯಸ್ಸಾಯಿತು, ಸಣ್ಣ ಕೆಲಸಕ್ಕೆ ಸೋಮಾರಿತನ ಎಂದರು ಇನ್ನು ಕೆಲವರು. ನಿಜವಾದ ಕಾರಣ ನಮ್ಮ ಮನೆಯಲ್ಲಿತ್ತು. ಅಪ್ಪನ ಎಡ ಮಂಡಿಯಲ್ಲಿತ್ತು. ಮಾವನ ಕೈ ಒಮ್ಮೆ ತಪ್ಪಿತ್ತು. ಆ ತಪ್ಪನ್ನು ಅಪ್ಪನ ಮುಂದೆ ಹೇಳಿಬಿಡಬೇಕೆಂದು ಅವರು ಅಷ್ಟೂ ವರ್ಷ ಕಾದರು. ಹೇಳಲು ಅಪ್ಪ ಜಾಗ ಕೊಡಲಿಲ್ಲ. ಇಬ್ಬರೂ ಬಾಯಿಬಿಟ್ಟು ಆಡದೆ ಹೋದದ್ದನ್ನು ನಾನು ಬರೆಯಬಹುದೇ ಎಂದು ಬಹಳ ದಿನ ಯೋಚಿಸಿದೆ. ಬರೆಯದಿದ್ದರೆ ಮಾವ ಬರೀ ಒಬ್ಬ ವಿಚಿತ್ರ ಮೆಕ್ಯಾನಿಕ್ ಆಗಿ ಉಳಿದುಬಿಡುತ್ತಾರೆ ಅನ್ನಿಸಿತು.

ಅವರು ನಮಗೆ ನಂಟರಲ್ಲ. ನಮ್ಮ ಮನೆಯಿಂದ ಮೂರನೆಯ ಮನೆ. ಚಿಕ್ಕಂದಿನಲ್ಲಿ ಮಾವ ಎಂದು ಕರೆದದ್ದು ಹಾಗೇ ಉಳಿಯಿತು. ವಯಸ್ಸಿನಲ್ಲಿ ತುಮಕೂರಿನ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರಂತೆ. ಅದು ಮುಚ್ಚಿದ ಮೇಲೆ ಊರಿಗೆ ಬಂದು, ಹೊಂಗೆ ಮರದ ಕೆಳಗೆ ನಾಲ್ಕು ತಗಡು ನಿಲ್ಲಿಸಿ ಅಂಗಡಿ ಮಾಡಿಕೊಂಡರು. ಬೆಳಿಗ್ಗೆ ಹಣೆಯ ಮೇಲೆ ವಿಭೂತಿಯ ಮೂರು ಪಟ್ಟೆ ನೀಟಾಗಿರುತ್ತಿದ್ದವು. ಬೆವರು ಒರೆಸಿಕೊಂಡು ಒರೆಸಿಕೊಂಡು ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಒಂದು ಪಟ್ಟೆ ಗ್ರೀಸಿನದಾಗಿರುತ್ತಿತ್ತು. ಸ್ಪ್ಯಾನರುಗಳನ್ನು ಸಂಜೆ ಹೆಂಡತಿಯ ಹಳೇ ಸೀರೆಯ ತುಂಡಿನಲ್ಲಿ ಒಂದೊಂದಾಗಿ ಒರೆಸಿ, ಅಳತೆಯ ಪ್ರಕಾರ ಸಾಲಾಗಿ ಇಡುತ್ತಿದ್ದರು. ಗಾಡಿಯ ಕಾಯಿಲೆಯನ್ನು ಅವರು ನೋಡಿ ಹೇಳುತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳಿ ಹೇಳುತ್ತಿದ್ದರು. "ಕಣ್ಣಿಗೆ ಬಣ್ಣ ಬಳ್ದು ಮೋಸ ಮಾಡ್ಬೋದು. ಕಿವಿಗೆ ಏನ್ ಬಳೀತೀಯಾ?" ಎನ್ನುವುದು ಅವರ ಮಾತು.

ಕೇಬಲ್ ಹಾಕುವವರನ್ನು ಅವರು ಹೇಗೆ ನಡೆಸಿಕೊಳ್ಳುತ್ತಿದ್ದರು ಎನ್ನುವುದಕ್ಕೆ ಒಂದು ಮಧ್ಯಾಹ್ನ ನನಗೆ ನೆನಪಿದೆ. ಪಿಯುಸಿ ಓದುತ್ತಿದ್ದೆ, ರೈಲು ಇಳಿದು ಮನೆಗೆ ನಡೆದು ಬರುತ್ತಿದ್ದೆ. ಬೆಳ್ಳಾವಿ ಕಡೆಯ ಕೊಬ್ಬರಿ ವ್ಯಾಪಾರಿಯೊಬ್ಬ ತಿಪಟೂರಿನ ಮಾರುಕಟ್ಟೆಗೆ ಹೊರಟವನು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಕೈಯಲ್ಲಿ ಹೊಸ ಕೇಬಲ್ ಹಿಡಿದು ಕಂಗಾಲಾಗಿ ನಿಂತಿದ್ದ.

"ಅಲ್ಲ ಯಜಮಾನ್ರೇ, ಇಲ್ಲಿ ಮೆಕ್ಯಾನಿಕ್ಕು ನೀವಾ ನಾನಾ?"

"ಕೇಬಲ್ ಮಟ್ಟಿಗೆ ನೀನೇ ಕಣಪ್ಪ."

"ಅಂಗಿ ಗಲೀಜಾಯ್ತದೆ."

"ಬಿಚ್ಚಿ ಮರಕ್ಕೆ ನೇತಾಕು. ಮರ ಏನೂ ಅಂದ್ಕೊಳಲ್ಲ."

ಆತ ಬನಿಯನ್ನಿನಲ್ಲಿ ಮಂಡಿಯೂರಿ ಕೂತ. ಮಾವ ಮೊದಲು ಕೊಟ್ಟದ್ದು ಸ್ಪ್ಯಾನರ್ ಅಲ್ಲ, ಹೂ ಕಟ್ಟುವ ದಾರದ ಒಂದು ಉದ್ದನೆಯ ತುಂಡು. ಅವರ ಹೆಂಡತಿ ಗೌರಮ್ಮತ್ತೆ ಹೂ ಕಟ್ಟಿ ಮಾರುತ್ತಿದ್ದರು. ಆ ಬುಟ್ಟಿಯಿಂದ ತಂದ ದಾರ. ಹಳೆಯ ಕೇಬಲ್ಲನ್ನು ಎಳೆಯುವ ಮುಂಚೆ ಅದರ ಕೆಳಗಿನ ತುದಿಗೆ ಈ ದಾರ ಕಟ್ಟಬೇಕು. ಆಮೇಲೆ ಮೇಲಿನಿಂದ ಎಳೆದರೆ, ಕೇಬಲ್ ಹೊರಗೆ ಬರುತ್ತಾ ಬರುತ್ತಾ ತಾನಿದ್ದ ದಾರಿಯಲ್ಲೇ ದಾರವನ್ನು ಬಿಟ್ಟು ಬರುತ್ತದೆ. ಆ ದಾರದ ತುದಿಗೆ ಹೊಸ ಕೇಬಲ್ ಕಟ್ಟಿ ಕೆಳಗಿನಿಂದ ಎಳೆದುಕೊಂಡರೆ ಹೊಸದು ಹಳೆಯದರ ದಾರಿಯಲ್ಲೇ ಹೋಗಿ ಕೂರುತ್ತದೆ. ಬೇರೆ ಮೆಕ್ಯಾನಿಕ್ಕುಗಳು ಇಷ್ಟೆಲ್ಲ ಮಾಡುವುದಿಲ್ಲ. ಕಣ್ಣಂದಾಜಿನಲ್ಲಿ ತೂರಿಸುತ್ತಾರೆ.

"ಹಳೇದನ್ನ ಬರಿಗೈಲಿ ಕಳಿಸ್ಬಾರ್ದು" ಎನ್ನುತ್ತಿದ್ದರು ಮಾವ. "ದಾರಿ ಗೊತ್ತಿರೋದು ಅದಕ್ಕೊಂದಕ್ಕೇ."

ಎಲ್ಲ ಮುಗಿದ ಮೇಲೆ ಕೊನೆಯ ಪರೀಕ್ಷೆ. ಗಾಡಿ ಸ್ಟಾರ್ಟ್ ಮಾಡಿ, ಹಿಡಿಯನ್ನು ಮುಟ್ಟದೆ, ಹ್ಯಾಂಡಲನ್ನು ಬಲಕ್ಕೆ ಪೂರ್ತಿ, ಎಡಕ್ಕೆ ಪೂರ್ತಿ ತಿರುಗಿಸಬೇಕು. ಶಬ್ದ ಒಂದೇ ಸಮ ಇರಬೇಕು. ಮಾವ ಕಣ್ಣು ಮುಚ್ಚಿ, ತಲೆ ಬಗ್ಗಿಸಿ ಕೇಳುತ್ತಿದ್ದರು. ಎಡಕ್ಕೆ ತಿರುಗುವಾಗ ಅವರ ಮುಖ ಬಿಗಿಯುತ್ತಿತ್ತು. ಕೊಬ್ಬರಿ ವ್ಯಾಪಾರಿ, "ಸರ್ಯಾಗೈತಲ್ಲ ಬುಡಿ, ನೆಟ್ಟಗೇ ಓಡ್ತದೆ" ಎಂದ. ಮಾವ ಕಣ್ಣು ತೆರೆಯಲಿಲ್ಲ.

"ನೆಟ್ಟಗಿದ್ದಾಗ ಎಲ್ಲಾ ಗಾಡಿನೂ ಒಳ್ಳೇವೇ ಕಣಪ್ಪ. ತಿರುವಿನಲ್ಲಿ ಕೇಳ್ಬೇಕು. ಇನ್ನೊಂದು ಸಲ ತಿರುಗ್ಸು."

ಆ ಮಾತು ಅವರಿಗೆ ಎಲ್ಲಿಂದ ಬಂತೆಂದು ನನಗೆ ಆಗ ತಿಳಿದಿರಲಿಲ್ಲ. ಅದು ಬಂದ ದಿನ ನಾನು ಅಲ್ಲೇ ಇದ್ದೆ.

ನಾನಾಗ ಒಂಬತ್ತನೆಯ ಕ್ಲಾಸು. ಅಪ್ಪ ಗುಬ್ಬಿಯ ಬಳಿ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ಅಂದು ತಾಲ್ಲೂಕು ಮಟ್ಟದ ಆಟೋಟ. ಒಂಬತ್ತು ಗಂಟೆಗೆ ಓಟದ ಸ್ಪರ್ಧೆಗಳನ್ನು ಶುರು ಮಾಡಿಸಬೇಕಾದವರು ಅಪ್ಪನೇ. ಕತ್ತಿನಲ್ಲಿ ಸೀಟಿ, ಕಾಲಿನಲ್ಲಿ ಬಿಳಿ ಕ್ಯಾನ್ವಾಸ್ ಶೂ, ಬಗಲಲ್ಲಿ ಸುತ್ತಿದ ಬಾವುಟ. ಅಂಗಳದಲ್ಲಿ ಗಾಡಿ ಸ್ಟಾರ್ಟ್ ಮಾಡಿ ಹಿಡಿ ತಿರುಗಿಸಿದರೆ ಕೇಬಲ್ ಪಟ್ಟೆಂದು ಕಡಿಯಿತು. ಮಾವನನ್ನು ಕರೆದು ತಂದದ್ದು ನಾನೇ. ಹೊಸ ಕೇಬಲ್ಲನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು, ತಿಂಡಿ ಅರ್ಧಕ್ಕೆ ಬಿಟ್ಟು ಬಂದರು. ಅಪ್ಪ ಅವರ ತಲೆಯ ಮೇಲೇ ನಿಂತಿದ್ದರು.

"ಆಯ್ತೇನಯ್ಯ ರುದ್ರ? ಮಕ್ಳು ಬಿಸಿಲಲ್ಲಿ ನಿಂತವ್ರೆ."

"ಆಯ್ತು ಮೇಷ್ಟ್ರೇ, ಎಲ್ಡು ನಿಮಿಷ."

"ಎಲ್ಡು ನಿಮಿಷ ಅಂತ ಹೇಳಿ ಹತ್ತು ನಿಮಿಷ ಆಯ್ತು."

ಮಾವ ಗಾಡಿ ಸ್ಟಾರ್ಟ್ ಮಾಡಿ, ಎರಡು ಸಲ ರೇಸ್ ಕೊಟ್ಟು ನೋಡಿ, "ಹೊರಡಿ" ಎಂದರು. ಅಪ್ಪ ಹೊರಟರು. ಕಾಲು ಗಂಟೆಯೊಳಗೆ ಸುದ್ದಿ ಬಂತು. ರೈಲ್ವೆ ಗೇಟು ದಾಟಿ ಎಡಕ್ಕೆ ತಿರುಗುವಲ್ಲಿ ಗಾಡಿ ಮೋರಿಯ ಕಲ್ಲಿಗೆ ಗುದ್ದಿತ್ತು.

ತುಮಕೂರಿನಲ್ಲಿ ಆಪರೇಷನ್ ಆಯಿತು. ಮಂಡಿ ಮತ್ತೆ ಮಡಚಲಿಲ್ಲ. ಮರುವರ್ಷದಿಂದ ಅಪ್ಪ ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಸೀಟಿ ಊದಿದರು. ಓಡುವುದನ್ನು ಕಿರಿಯ ಮೇಷ್ಟ್ರೊಬ್ಬರು ತೋರಿಸಿದರು. ಕ್ಯಾನ್ವಾಸ್ ಶೂಗಳನ್ನು ಅಮ್ಮ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು.

ಹೇಗಾಯಿತು ಎಂದು ಕೇಳಿದವರಿಗೆಲ್ಲ ಅಪ್ಪ ಒಂದೇ ಮಾತು ಹೇಳಿದರು. "ನಾಯಿ ಅಡ್ಡ ಬಂತು."

ಆ ನಾಯಿ ನಮ್ಮ ಮನೆಯಲ್ಲಿ ಹದಿನಾಲ್ಕು ವರ್ಷ ಬಾಳಿತು. ಅಮ್ಮನಿಗೆ ಹೇಳುವಾಗ ಅದು ಕೆಂದನೆಯ ನಾಯಿ. ಹೆಡ್‌ಮಾಸ್ಟರಿಗೆ ಹೇಳುವಾಗ ಕರಿಯ ನಾಯಿ. ಸೋದರಮಾವನಿಗೆ ಹೇಳುವಾಗ ಬಿಳಿ ಮೈಗೆ ಕರಿ ಮಚ್ಚೆ. "ಬಂದದ್ದು ಒಂದು ನಾಯಿನಾ, ಒಂದು ಹಿಂಡಾ?" ಎಂದು ಅಮ್ಮ ಹಂಗಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದರು. ಭಾನುವಾರ ಬೆಳಿಗ್ಗೆ ಕಾಫಿಗೆ ಬಂದಿರುತ್ತಿದ್ದ ರುದ್ರಯ್ಯ ಮಾವ ಮಾತ್ರ ಲೋಟದೊಳಗೆ ನೋಡುತ್ತಾ ಕೂತಿರುತ್ತಿದ್ದರು. ಕಾಫಿ ಮುಗಿದ ಮೇಲೆ ಅಂಗಳದಲ್ಲಿ ನಿಂತಿದ್ದ ನಮ್ಮ ಗಾಡಿಯ ಹ್ಯಾಂಡಲನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸಿ ನೋಡಿ ಮನೆಗೆ ಹೋಗುತ್ತಿದ್ದರು. ದೇವಸ್ಥಾನದಲ್ಲಿ ಗಂಟೆ ಬಾರಿಸಿ ಬರುವಂತೆ. ಮೈಯಲ್ಲಿ ಶಕ್ತಿ ಇರುವವರೆಗೆ ಒಂದು ಭಾನುವಾರವೂ ತಪ್ಪಿಸಿದ್ದು ನೆನಪಿಲ್ಲ.

ನಾನು ತುಮಕೂರಿನಲ್ಲಿ ಎಂ.ಎಸ್ಸಿ. ಮುಗಿಸಿ, ಗುಬ್ಬಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿದಾಗ, ಅಲ್ಲಿಯವರೆಗೆ ಸುಮ್ಮನೆ ನಿಂತಿದ್ದ ಆ ಗಾಡಿ ಓಡಿಸುವುದನ್ನು ನನಗೆ ಕಲಿಸಿದವರು ಮಾವ. ಹೆಣ್ಣುಮಗಳು ಗೇರಿನ ಗಾಡಿ ಹತ್ತುವುದನ್ನು ನೋಡಲು ಸ್ಟೇಷನ್ ರಸ್ತೆಯಲ್ಲಿ ಜನ ನಿಲ್ಲುತ್ತಿದ್ದರು. ಮಾವ ಅವರ ಕಡೆ ತಿರುಗಿ, "ಟಿಕೆಟ್ ತಗೊಂಡ್ರೇನ್ರಲಾ?" ಎಂದು ಕೇಳುತ್ತಿದ್ದರು. ನನಗೆ ಜನರ ನಡುವೆ ಮಾತು ಕಡಿಮೆ. ಅವರೂ ಹೆಚ್ಚು ಕೇಳುತ್ತಿರಲಿಲ್ಲ. ಇಬ್ಬರ ನಡುವೆ ಅದು ಒಂದು ಅನುಕೂಲವಾಗಿತ್ತು.

ಹೋದ ವರ್ಷದ ಒಂದು ಭಾನುವಾರ. ಅಪ್ಪ ಅಮ್ಮ ತುಮಕೂರಿಗೆ ನಂಟರ ಮನೆಯ ನಾಮಕರಣಕ್ಕೆ ಹೋಗಿದ್ದರು. ಅಂಗಳದಲ್ಲಿ ಗಾಡಿ ಸ್ಟಾರ್ಟ್ ಮಾಡಿದೆ. ಹಿಡಿ ತಿರುಗಿಸಿದರೆ ಕೈಗೆ ಏನೂ ಸಿಗಲಿಲ್ಲ. ಸತ್ತ ಹಕ್ಕಿಯ ಕತ್ತಿನಂತೆ ಹಿಡಿ ಸುಮ್ಮನೆ ತಿರುಗಿತು. ಅಷ್ಟರಲ್ಲಿ ಮಾವನ ಅಂಗಡಿ ಮುಚ್ಚಿ ಆರು ತಿಂಗಳಾಗಿತ್ತು. ನಾಲ್ಕು ಹೆಜ್ಜೆಗೆ ಉಸಿರು ಕಟ್ಟುತ್ತಿತ್ತು, ಬಲಗೈ ನಡುಗುತ್ತಿತ್ತು. ಕೇಬಲ್ ಕೇಳಿಕೊಂಡು ಹೋದವಳನ್ನು ಅವರು ಒಂದು ಕ್ಷಣ ನೋಡಿದರು. ಆಮೇಲೆ ಗೌರಮ್ಮತ್ತೆಯ ತೋಳು ಹಿಡಿದು, ನಿಂತು ನಿಂತು, ಮೂರು ಮನೆ ದಾಟಿ ಬಂದು ನಮ್ಮ ಜಗಲಿಯ ಮೇಲೆ ಕೂತರು. ಅತ್ತೆ ಒಂದು ದಾರದ ಉಂಡೆಯನ್ನೂ ಹೊಸ ಕೇಬಲ್ಲನ್ನೂ ಪಕ್ಕದಲ್ಲಿಟ್ಟು ಹೂ ಕಟ್ಟಲು ಹಿಂದಿರುಗಿದರು.

"ಟ್ಯಾಂಕ್ ಬಿಚ್ಚವ್ವ. ಮೊದ್ಲು ಪೆಟ್ರೋಲ್ ಬಂದ್ ಮಾಡು."

ಟ್ಯಾಂಕ್ ಇಳಿಸಿದೆ. ಬಲಗಡೆಯ ಸ್ವಿಚ್ಚಿನ ಡಬ್ಬಿಯ ಎರಡು ಸ್ಕ್ರೂ ಬಿಚ್ಚಿ ಕಡಿದ ತುದಿಯನ್ನು ಹೊರತೆಗೆದೆ. ಕಾರ್ಬರೇಟರಿನ ಮೇಲಿನ ಮುಚ್ಚಳ ತಿರುಗಿಸಿ, ಅದರೊಂದಿಗೆ ಮೇಲೆದ್ದ ಸ್ಪ್ರಿಂಗನ್ನು ಬೆರಳಲ್ಲಿ ಒತ್ತಿ ಹಿಡಿದು, ಕೆಳಗಿನ ತುದಿಯನ್ನೂ ಬಿಡಿಸಿದೆ. ಎಲ್ಲ ಸರಾಗವಾಗಿ ಆಗುತ್ತಿದೆ ಎಂಬ ಹುಮ್ಮಸ್ಸಿನಲ್ಲಿ ಹಳೆಯ ಕೇಬಲ್ಲನ್ನು ಎಳೆಯಲು ಕೈ ಹಾಕಿದೆ.

"ನಿಲ್ಸು."

ಮಾವ ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನನ್ನ ಕೈ ಅಲ್ಲೇ ನಿಂತಿತು. ದಾರದ ಉಂಡೆ ಜಗಲಿಯ ಮೇಲೇ ಇತ್ತು.

ದಾರ ಕಟ್ಟಿದೆ. ಎಳೆದೆ. ಹಳೆಯದು ಬಂತು, ದಾರ ಉಳಿಯಿತು. ಹೊಸದನ್ನು ಅದಕ್ಕೆ ಕಟ್ಟಿ ಕೆಳಗಿನಿಂದ ಎಳೆದುಕೊಂಡೆ. ಆಮೇಲಿನದಕ್ಕೆ ಒಂದು ಗಂಟೆ ಹಿಡಿಯಿತು. ಸ್ಪ್ರಿಂಗ್ ಎರಡು ಸಲ ಹಾರಿ ತುಳಸಿಕಟ್ಟೆಯ ಹತ್ತಿರ ಬಿತ್ತು. ಮಾವ ಬೈಯಲಿಲ್ಲ. ನನ್ನ ಕೈಯಿಂದಲೇ ತುದಿಯ ಗುಂಡನ್ನು ಅದರ ಗೂಡಿಗೆ ಕೂರಿಸಿ, ಹಿಡಿಯಲ್ಲಿ ಅಕ್ಕಿಕಾಳಿನಷ್ಟು ಸಡಿಲ ಬಿಡಿಸಿ, ಟ್ಯಾಂಕ್ ಕೂರಿಸಿ ಸ್ಟಾರ್ಟ್ ಮಾಡಿಸಿದರು.

ಬಲಕ್ಕೆ ತಿರುಗಿಸಿದೆ. ಎಡಕ್ಕೆ ತಿರುಗಿಸಿದೆ. ಶಬ್ದ ಒಂದೇ ಸಮ ಇತ್ತು. ಅವರು ಕಣ್ಣು ತೆರೆಯಲಿಲ್ಲ. ನಾನು ಗಾಡಿ ಆರಿಸಿದ ಮೇಲೂ ಹಾಗೇ ಕೂತಿದ್ದರು. ಆಮೇಲೆ ಅಂದರು:

"ಅವತ್ತು ನಾನು ದಾರ ಕಟ್ಲಿಲ್ಲ ಕಣವ್ವ."

ನನಗೆ ಮೊದಲು ಅರ್ಥವಾಗಲಿಲ್ಲ. ಅವರು ನಿಧಾನವಾಗಿ, ಉಸಿರು ಕೂಡಿಸಿಕೊಂಡು ಹೇಳಿದರು. ಆಟೋಟದ ಆ ಬೆಳಿಗ್ಗೆ ಅವಸರದಲ್ಲಿ ಹಳೆಯದನ್ನು ಬರಿದೇ ಎಳೆದು ಬಿಸಾಡಿದ್ದರು. ಹೊಸದನ್ನು ಕಣ್ಣಂದಾಜಿನಲ್ಲಿ ತೂರಿಸಿದ್ದರು. ಅದು ಹ್ಯಾಂಡಲಿನ ಕತ್ತಿನ ತಪ್ಪು ಮಗ್ಗುಲಿಗೆ ಹೋಗಿತ್ತು. ಹ್ಯಾಂಡಲ್ ನೆಟ್ಟಗಿದ್ದಾಗ ಏನೂ ತಿಳಿಯುವುದಿಲ್ಲ. ಎಡಕ್ಕೆ ತಿರುಗಿದಾಗ ಮಾತ್ರ ಕೇಬಲ್ ಜಗ್ಗಿ, ಯಾರೂ ಹಿಡಿ ತಿರುಗಿಸದೆಯೇ ಗಾಡಿ ರೇಸ್ ಆಗಿ ಮುನ್ನುಗ್ಗುತ್ತದೆ. ಬಿದ್ದ ಗಾಡಿಯನ್ನು ಸಂಜೆ ತಂದು ನೋಡಿದಾಗ ಅವರಿಗೆ ತಿಳಿಯಿತು. ಸರಿಮಾಡಿದರು. ಅವರು ಮುಟ್ಟಿದ ಕೊನೆಯ ಎಕ್ಸಲೇಟರ್ ಕೇಬಲ್ ಅದು.

"ಹೇಳಾನ ಅಂತ ಆಸ್ಪತ್ರೆಗೋದೆ. ನಾನು ಬಾಯಿ ತೆಗೆಯೋಕ್ ಮುಂಚೆ ನಿಮ್ಮಪ್ಪ, ನಾಯಿ ಅಡ್ಡ ಬಂತು ಕಣಯ್ಯ ರುದ್ರ, ಅಂದ್ಬುಟ್ರು. ಕೆಂದ ನಾಯಿ ಅಂದ್ರು. ಆಮೇಲೆ ಕರೇದಾಯ್ತು. ಆಮೇಲೆ ಮಚ್ಚೆ ಬಂತು." ಕಣ್ಣು ತೆರೆದು ಗಾಡಿಯ ಕಡೆ ನೋಡಿದರು. "ಗೊತ್ತಿದ್ದು ಮುಚ್ತಾವ್ರೋ, ಇಲ್ಲ ನಿಜ್ವಾಗ್ಲೂ ನಾಯಿನೇ ಬಂದಿತ್ತೋ. ಅದೊಂದು ತಿಳೀಲಿಲ್ಲ ನಂಗೆ. ಗೊತ್ತಿಲ್ದಿದ್ರೆ, ನಾನು ಇಷ್ಟು ವರ್ಷ ಅವ್ರ ಮನೆ ಕಾಫಿ ಕುಡ್ದಿದ್ದು ಮೋಸ ಆಯ್ತದೆ."

"ಹೇಳಬಹುದಿತ್ತಲ್ಲ ಮಾವ."

"ಹೇಳುದ್ರೆ ಮೇಷ್ಟ್ರು ಸುಳ್ಳುಗಾರ ಅಂದಂಗಾಯ್ತದೆ. ಅದನ್ನ ನಾನು ಹೆಂಗವ್ವ ಹೇಳ್ಲಿ?"

ಗ್ರೀಸಿನ ಕೈಯಲ್ಲಿ ದಾರದ ಉಂಡೆಯನ್ನು ಸುತ್ತುತ್ತಾ ನಿಂತಿದ್ದೆ. ಸಂಜೆ ಅಪ್ಪ ಬಂದಾಗ ಕೇಬಲ್ ಕಡಿದದ್ದನ್ನು, ಹಾಕಿದ್ದನ್ನು ಹೇಳಿದೆ. ಉಳಿದದ್ದನ್ನು ಹೇಳಲಿಲ್ಲ. ಅದು ನನ್ನ ಮಾತಲ್ಲ ಅನ್ನಿಸಿತು. ಈಗ ಯೋಚಿಸಿದರೆ, ಹಾಗೆ ಅನ್ನಿಸಿದ್ದು ಸ್ವಭಾವವೋ ಹೇಡಿತನವೋ ಹೇಳಲಾರೆ.

ಆಮೇಲೆ ಮಾವನ ಉಸಿರಾಟ ಕೆಟ್ಟಿತು. ಮಗಳು ಕುಣಿಗಲ್ಲಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಎರಡು ತಿಂಗಳಾದ ಮೇಲೆ, ಬಹಳ ದಿನ ತಡೆಯಲಾರರು ಎಂದು ಫೋನ್ ಬಂತು. ಬಸ್ಸಿನಲ್ಲಿ ಹೋಗೋಣ ಎಂದೆ. ಅಪ್ಪ ಒಪ್ಪಲಿಲ್ಲ.

"ಬಸ್ಸಲ್ಲಿ ಕಾಲು ಚಾಚೋಕಾಗಲ್ಲ. ಗಾಡೀಲಿ ಹೋಗಾನ."

ಆ ಗಾಡಿಯ ಮೇಲೆ ಅವರು ಹದಿನಾಲ್ಕು ವರ್ಷದಿಂದ ಕೂತಿರಲಿಲ್ಲ. ಎಡಗಾಲನ್ನು ಕೋಲಿನಂತೆ ಹೊರಚಾಚಿ, ನನ್ನ ಭುಜದ ಮೇಲೆ ಕೈಯಿಟ್ಟು ಹಿಂದೆ ಕೂತರು. ಮೂರು ಕಡೆ ನಿಲ್ಲಿಸಿ, ಕಾಲು ನೀವಿಕೊಂಡು, ಕುಣಿಗಲ್ ತಲುಪಿದೆವು.

ಬೀದಿಯ ಕಡೆಗೆ ಕಿಟಕಿಯಿದ್ದ ಕೋಣೆಯಲ್ಲಿ ಮಾವ ದಿಂಬಿಗೆ ಒರಗಿ ಕೂತಿದ್ದರು. ಹಣೆಯ ವಿಭೂತಿಯ ಮೂರೂ ಪಟ್ಟೆ ಬಿಳಿಯಾಗೇ ಇದ್ದವು. ಅದನ್ನು ನೋಡಿ ನನಗೆ ಬೇಸರವಾಯಿತು. ಇಬ್ಬರೂ ಮಳೆಯ ಮಾತಾಡಿದರು, ರಾಗಿ ಪೈರಿನ ಮಾತಾಡಿದರು. ಆಮೇಲೆ ಮಾವ ನನ್ನ ಕಡೆ ನೋಡಿದರು.

"ಗಾಡೀಲಿ ಬಂದ್ರಾ? ಸ್ಟಾರ್ಟ್ ಮಾಡವ್ವ, ಕೇಳಾನ."

ಬೀದಿಗೆ ಹೋಗಿ ಕಿಟಕಿಯ ಮುಂದೆ ಗಾಡಿ ನಿಲ್ಲಿಸಿ ಸ್ಟಾರ್ಟ್ ಮಾಡಿದೆ. ಮಾವ ಕಣ್ಣು ಮುಚ್ಚಿದರು. ಪಕ್ಕದ ಕುರ್ಚಿಯಲ್ಲಿ ಅಪ್ಪನೂ ಕಣ್ಣು ಮುಚ್ಚಿದರು. ಬಲಕ್ಕೆ ತಿರುಗಿಸಿದೆ. ಎಡಕ್ಕೆ ತಿರುಗಿಸಿದೆ. ಇಂಜಿನ್ನು ಒಂದೇ ಸಮ ಉಸಿರಾಡುತ್ತಿತ್ತು. ಆರಿಸಬೇಕೆನ್ನುವಷ್ಟರಲ್ಲಿ ಅಪ್ಪನ ದನಿ ಬಂತು.

"ಎಡಕ್ಕೆ ಇನ್ನೊಂದು ಸಲ ತಿರುಗ್ಸು."

ಮಾವ ಕಣ್ಣು ತೆರೆದರು. ಎಡಕ್ಕೆ ಎಂದು ಅಪ್ಪನಿಗೆ ನಾನು ಹೇಳಿರಲಿಲ್ಲ. ಮಾವನೂ ಹೇಳಿರಲಿಲ್ಲ. ಆ ದಿನ ಮೋರಿಯ ತಿರುವಿನಲ್ಲಿ ಗಾಡಿ ತಾನಾಗಿ ನುಗ್ಗಿದ್ದನ್ನು ಕೈಯಲ್ಲಿ ಹಿಡಿದು ಕಂಡಿದ್ದವರಿಗೆ ಮಾತ್ರ ಅದು ತಿಳಿದಿರಲು ಸಾಧ್ಯ. ನಾನು ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿ ಹಿಡಿದು ನಿಂತೆ. ಕಿಟಕಿಯ ಸರಳುಗಳ ಆಚೆ ಮಾವ ಅಪ್ಪನ ಮುಖವನ್ನೇ ನೋಡುತ್ತಿದ್ದರು.

"ಗೊತ್ತಿತ್ತಾ ಮೇಷ್ಟ್ರೇ?"

ಅಪ್ಪ ಕಣ್ಣು ತೆರೆಯಲಿಲ್ಲ. "ಏನು ಗೊತ್ತಿರೋದು? ನಾಯಿ ಕರೇದು ಕಣಯ್ಯ."

ಮಾವ ನಕ್ಕರು. ನಗು ಕೆಮ್ಮಾಯಿತು. ಅಪ್ಪ ಎದ್ದು, ಮಡಚದ ಕಾಲನ್ನು ಎಳೆದುಕೊಂಡು ಹೋಗಿ, ನೀರಿನ ಲೋಟವನ್ನು ಅವರ ಬಾಯಿಗೆ ಹಿಡಿದರು. ನಾನು ಗಾಡಿ ಆರಿಸಿದೆ. ಹೊರಡುವಾಗ ಮಾವ ನನಗೆ ಹೇಳಿದ್ದು ಇಷ್ಟೇ: "ಚೆನ್ನಾಗಿ ಕೂತೈತೆ ಕಣವ್ವ ಕೇಬಲ್ಲು." ಅವರ ಬಾಯಿಂದ ನಾನು ಕೇಳಿದ ಮೊದಲ ಹೊಗಳಿಕೆ.

ಹನ್ನೆರಡು ದಿನಕ್ಕೆ ತೀರಿಕೊಂಡರು. ನಿಟ್ಟೂರಿಗೇ ತಂದು ಅವರ ಹೊಲದಲ್ಲಿ ಮಣ್ಣು ಮಾಡಿದರು. ಕಾರ್ಯಗಳೆಲ್ಲ ಮುಗಿದ ಮೇಲೆ ಗೌರಮ್ಮತ್ತೆ ಸೀರೆಯ ತುಂಡಿನಲ್ಲಿ ಸುತ್ತಿದ ಸ್ಪ್ಯಾನರುಗಳನ್ನು ತಂದು ನನ್ನ ಕೈಗೆ ಕೊಟ್ಟರು. ಬೇಡವೆನ್ನಲಾಗಲಿಲ್ಲ.

ಅದಾದ ಮೊದಲ ಭಾನುವಾರ ಬೆಳಿಗ್ಗೆ ಅಮ್ಮ, ಯಾವ ನೆನಪಿನಲ್ಲೋ, ಹಳೆಯ ಅಭ್ಯಾಸದಂತೆ ಒಂದು ಲೋಟ ಕಾಫಿ ಹೆಚ್ಚಿಗೆ ಸೋಸಿದ್ದಳು. ಅಪ್ಪ ಅದನ್ನು ನೋಡಿ, ಅಂಗಳಕ್ಕಿಳಿದು ಗಾಡಿಯ ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದರು. ಎಡಕ್ಕೆ ತಿರುಗಿಸಿದರು. ಜಗಲಿಯ ಮೇಲೆ ಸ್ಪ್ಯಾನರುಗಳನ್ನು ಒರೆಸುತ್ತಿದ್ದ ನಾನು ಎಂದೂ ಕೇಳದಿದ್ದುದನ್ನು ಕೇಳಿದೆ.

"ಅಪ್ಪ, ನಿಜವಾಗಲೂ ಆ ನಾಯಿ ಯಾವ ಬಣ್ಣದ್ದು?"

ಅಪ್ಪ ಹ್ಯಾಂಡಲ್ ಬಿಡಲಿಲ್ಲ.

"ಅವಸರ ಮಾಡ್ದೋನು ನಾನು. ದಾರ ಕಟ್ಟೋಕೂ ಬಿಡ್ಲಿಲ್ಲ ಅವನ್ನ" ಎಂದರು. ಹ್ಯಾಂಡಲನ್ನು ನೆಟ್ಟಗೆ ಮಾಡಿ, ನನ್ನ ಕಡೆ ತಿರುಗದೆಯೇ ಅಂದರು: "ರುದ್ರನೇ ಹೋದ. ಇನ್ನು ಆ ನಾಯೀನ ಯಾಕೆ ಸಾಕೋದು, ಬುಡು."